ಪಾತ್ರೆ ಮೇಲಿನ ಹೆಸರಿಂದ ಐಎಂಇಐವರೆಗೆ: ಗುರುತು ಅಳಿಸಿದ್ರೆ ಎಷ್ಟು ಶಿಕ್ಷೆ?

ಚಿಕ್ಕಮಗಳೂರಲ್ಲಿ ಪಾತ್ರೆ ಅಂಗಡಿಗೆ ಹೋದ್ರೆ ಇವತ್ತಿಗೂ "ಹೆಸರು ಹಾಕ್ಬೇಕಾ?" ಅಂತ ಕೇಳ್ತಾರೆ, ಮಷಿನ್ ಗುರ್ ಅಂದ್ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಅಜ್ಜಿ ಹೆಸರು ಬರುತ್ತೆ. ಮದುವೆ ಮನೆಗೆ ಕೊಟ್ಟ ತಪ್ಪಲೆ ವಾಪಸ್ ಬರ್ಲಿ ಅಂತ ಮಾಡೋ ಈ ಗುರುತಿಗೂ ಕಾನೂನಲ್ಲಿ ಜಾಗ ಇದೆ, ಪ್ರಾಪರ್ಟಿ ಮಾರ್ಕ್ ಅಂತಾರೆ.

1860ರ ಐಪಿಸಿ 489ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರಿಗೆ ತೊಂದ್ರೆ ಆಗುತ್ತೆ ಅಂತ ಗೊತ್ತಿದ್ದೂ ಇಂಥ ಗುರುತು ಅಳಿಸಿದ್ರೆ 1 ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲಾಂದ್ರೆ ಎರಡೂ. 2024ರ ಜುಲೈ 1ಕ್ಕೆ ಐಪಿಸಿ ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು, ಸೆಕ್ಷನ್ 346 ಆಯ್ತು, ಶಿಕ್ಷೆ ಅದೇ 1 ವರ್ಷ. ನಮ್ಮ ಪಕ್ಕದ ತೋಟದವರ ಮೋಟರ್ ಕಳುವಾಗಿ ಸಿಕ್ಕಾಗ ವೆಲ್ಡಿಂಗಲ್ಲಿ ಬರೆಸಿದ್ದ ಇನಿಷಿಯಲ್ ಮೇಲೆ ಗ್ರೈಂಡರ್ ಹೊಡೆದು ಹಸಿರು ಪೇಂಟ್ ಬಳಿದಿದ್ರು. ಕಳ್ಳತನದ ಕೇಸ್ ಆಯ್ತು, ಅಳಿಸಿದ್ದರ ಸುದ್ದಿ ಎಲ್ಲೂ ಬರ್ಲಿಲ್ಲ.

ಸರ್ಕಾರದ ಗುರುತಿಗೆ ಮಾತ್ರ ಬೆಲೆ ಜಾಸ್ತಿ. ದಿಮ್ಮಿ ಮೇಲೆ ಫಾರೆಸ್ಟ್‌ನೋರು ಹೊಡೆಯೋ ಹ್ಯಾಮರ್ ಮಾರ್ಕ್ ಇದ್ಯಲ್ಲ, ಅಂಥ ಗುರುತನ್ನ ಮೋಸ ಮಾಡೋಕೆ ತಿದ್ದಿದ್ರೆ 1927ರ ಅರಣ್ಯ ಕಾಯ್ದೇಲಿ 2 ವರ್ಷದವರೆಗೆ.

ಅಸಲಿ ಗೋಜಲು ಶುರುವಾಗಿದ್ದು ಮೊಬೈಲ್‌ನಿಂದ. ಚೈನಾ ಸೆಟ್ ಕಾಲ ನೆನಪಿದ್ಯಾ, ನಾಲ್ಕು ಸ್ಪೀಕರ್ ಇರ್ತಿತ್ತು, ಐಎಂಇಐ, ಅಂದ್ರೆ ಪ್ರತಿ ಫೋನಿಗೂ ಇರೋ 15 ಅಂಕಿಯ ಗುರುತಿನ ನಂಬರ್, ನೆಟ್ಟಗಿರ್ತಿರ್ಲಿಲ್ಲ, ಎಷ್ಟೋ ಸೆಟ್ಟಲ್ಲಿ ಬರೀ ಸೊನ್ನೆ. 2009ರ ಕೊನೇಲಿ ಅಂಥ ಸೆಟ್‌ಗಳಿಗೆ ನೆಟ್‌ವರ್ಕ್ ಕಟ್ ಮಾಡಿ ಅಂತ ಸರ್ಕಾರ ಹೇಳ್ತು. ಆದ್ರೆ ನಂಬರ್ ತಿದ್ದೋದೇ ತಪ್ಪು ಅಂತ ಪ್ರತ್ಯೇಕ ರೂಲ್ಸ್ ಬರೋಕೆ 2017 ಆಯ್ತು, ಅಷ್ಟರಲ್ಲಿ ಸಾಫ್ಟ್‌ವೇರ್ ಹಾಕಿ ನಂಬರ್ ಬದಲಿಸೋದು ಸ್ಕ್ರೀನ್‌ಗಾರ್ಡ್ ಅಂಟಿಸಿದಷ್ಟು ಸಲೀಸಾಗಿತ್ತು. 2023ರ ಜನವರಿಯಿಂದ ಇಲ್ಲಿ ತಯಾರಾಗೋ ಪ್ರತಿ ಫೋನಿನ ಐಎಂಇಐ ಮಾರೋ ಮುಂಚೆನೇ ನೋಂದಾಯಿಸ್ಬೇಕು. ಅದೇ ವರ್ಷದ ದೂರಸಂಪರ್ಕ ಕಾಯ್ದೆ ಪ್ರಕಾರ ಈಗ ತಿದ್ದಿದ್ರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಸುಮ್ನೆ ಅಲ್ಲ ಇದು: ಫೋನ್ ಕಳೆದಾಗ ಪೊಲೀಸ್ ಕಂಪ್ಲೇಂಟ್ ಕಾಪಿ ಹಾಕಿ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಲ್ಲಿ ಬ್ಲಾಕ್ ಮಾಡಿಸ್ತೀವಲ್ಲ, ಅದು ನಿಂತಿರೋದೇ ಆ ನಂಬರ್ ಮೇಲೆ, ನಂಬರ್ ಬದಲಾದ್ರೆ ಬ್ಲಾಕ್ ಮಾಡಿದ್ದೂ ವ್ಯರ್ಥ.

ಅಂದ್ರೆ ಕಂಪನಿ ಹಾಕಿದ ನಂಬರ್‌ಗೆ 3 ವರ್ಷ, ಇಲಾಖೆ ಸುತ್ತಿಗೆ ಗುರುತಿಗೆ 2, ಮಾಲೀಕ ತಾನೇ ಬರೆಸಿದ ಹೆಸರಿಗೆ 1. ಮೋಟರ್‌ಗೆ ಬ್ಲಾಕ್ ಮಾಡ್ಸೋ ಪೋರ್ಟಲ್ ಯಾವುದೂ ಇಲ್ಲ. ಪಕ್ಕದ ತೋಟದವರು ಈಗ ಇನಿಷಿಯಲ್ ಮೂರು ಕಡೆ ಬರೆಸ್ತಾರೆ, ಅದ್ರಲ್ಲಿ ಒಂದು ಅಡಿ ಪ್ಲೇಟಿನ ಒಳಮೈಲಿ.