ಬಿಟ್ಟಿದ್ದು ಒಂದೇ ಸಲ, ಕೂಡುವುದು ಚೂರು ಚೂರೇ

2021ರ ಜನವರಿ. ಬ್ರಿಟನ್‌ನಿಂದ ಹಡಗಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದಿಳಿದ ಲಾರಿ ಡ್ರೈವರ್ ಒಬ್ಬರ ಬುತ್ತಿಯನ್ನು ಕಸ್ಟಮ್ಸ್‌ನವರು ಬಿಚ್ಚಿಸಿದರು. ಸ್ಯಾಂಡ್‌ವಿಚ್‌ನಲ್ಲಿ ಮಾಂಸ ಇತ್ತು, ಕಿತ್ತುಕೊಂಡರು. ಮಾಂಸ ಇಟ್ಕೊಳ್ಳಿ, ಬ್ರೆಡ್ಡಾದರೂ ಕೊಡಿ ಅಂದರೆ ಅದಕ್ಕೂ ಇಲ್ಲ. ಬ್ರೆಕ್ಸಿಟ್, ಅಂದರೆ ಯುರೋಪಿನ ಒಕ್ಕೂಟದಿಂದ ಬ್ರಿಟನ್ ಹೊರಬಂದದ್ದು, ಅದರ ಭಾಷಣಗಳು ತಲೆಗೆ ಹತ್ತದವರಿಗೂ ಆ ವಿಡಿಯೊ ಅರ್ಥವಾಯಿತು.

ಹಿಂದಿನ ಕತೆ ಚುಟುಕಾಗಿ: ಫ್ರಾನ್ಸ್ ಎರಡು ಸಲ ಅಡ್ಡಗಾಲು ಹಾಕಿದ ಮೇಲೆ 1973ರಲ್ಲಿ ಯುರೋಪಿನ ಕೂಟ ಸೇರಿದ ಬ್ರಿಟನ್, 2016ರ ಜನಮತದಲ್ಲಿ ಹೊರಹೋಗುವ ಪರ ಶೇ 51.9 ಮತ ಬಿದ್ದದ್ದರಿಂದ, 2020ರ ಜನವರಿ 31ಕ್ಕೆ ಹೊರಬಂತು. ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ವ್ಯಾಪಾರ ಒಪ್ಪಂದ ಕುದುರಿತು. ಸುಂಕ ಇಲ್ಲ ಅಂತ ಎಲ್ಲರೂ ಖುಷಿಪಟ್ಟರು.

ಸುಂಕ ಇರಲಿಲ್ಲ ನಿಜ, ಕಾಗದ ಇತ್ತಲ್ಲ! ಯುರೋಪಿಗೆ ಮಾಂಸ, ಮೀನು, ಚೀಸ್ ಯಾವುದೇ ಹೋಗಲಿ, ಲೋಡ್ ಲೋಡಿಗೂ ಆರೋಗ್ಯ ಪ್ರಮಾಣಪತ್ರ ಬೇಕು. ಮಾಂಸಕ್ಕಾದರೆ ಪಶುವೈದ್ಯರ ಸಹಿ. ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ತಮ್ಮ ಲಾರಿಗಳನ್ನು ಲಂಡನ್ ಪಾರ್ಲಿಮೆಂಟ್ ಹತ್ತಿರವೇ ತಂದು ನಿಲ್ಲಿಸಿದರು. ಮೀನು ಕಾಯುತ್ತದೆಯೇ? ಹಸಿ ಸಾಸೇಜ್, ಬಿತ್ತನೆ ಆಲೂಗಡ್ಡೆಗೆ ಬಾಗಿಲೇ ಬಂದ್. ಉತ್ತರ ಐರ್ಲೆಂಡ್ ಕತೆ ಇನ್ನೂ ವಿಚಿತ್ರ. ಅದು ಬ್ರಿಟನ್ನಿನದೇ ಭಾಗ, ಆದರೂ ಗಡಿಯಾಚೆಯ ಐರ್ಲೆಂಡ್ ಯುರೋಪಿನ ಕೂಟದಲ್ಲಿರುವುದರಿಂದ ಅಲ್ಲಿಗೆ ಸಾಮಾನು ಕಳಿಸಲು ತಪಾಸಣೆ. 2023ರ ವಿಂಡ್ಸರ್ ಒಪ್ಪಂದ ಅದನ್ನು ಒಂದಿಷ್ಟು ಸಡಿಲಿಸಿತು.

ಆಮೇಲೆ ಬೇರೆ ಗಂಟುಗಳೂ ಬಿಚ್ಚತೊಡಗಿದವು. 2024ರ ಆರಂಭದಲ್ಲಿ ವಿಜ್ಞಾನಿಗಳ ಸಂಶೋಧನೆಗೆ ಹಣ ಕೊಡುವ ಯುರೋಪಿನ ಹೊರೈಜನ್ ಯೋಜನೆಗೆ ಬ್ರಿಟನ್ ವಾಪಸ್. 2025ರ ಮೇನಲ್ಲಿ ಲಂಡನ್‌ನಲ್ಲಿ ಬ್ರಿಟನ್ ಪ್ರಧಾನಿಯಾಗಿದ್ದ ಸ್ಟಾರ್ಮರ್ ಮತ್ತು ಯುರೋಪಿಯನ್ ಆಯೋಗದ ಅಧ್ಯಕ್ಷೆಯಾಗಿದ್ದ ಫಾನ್ ಡೆರ್ ಲೇಯೆನ್ ಕೂತು, ಆಹಾರದ ತಪಾಸಣೆ ತಗ್ಗಿಸುವ ಒಪ್ಪಂದಕ್ಕೆ ದಾರಿ ಮಾಡಿದರು. ಅದೇ ದಿನ ಯುರೋಪಿನ ದೋಣಿಗಳಿಗೆ ಬ್ರಿಟನ್ ಕಡಲಲ್ಲಿ 2038ರವರೆಗೆ ಮೀನು ಹಿಡಿಯಲು ಅನುಮತಿಯೂ ಸಿಕ್ಕಿತು. ಕೊಟ್ಟು ತಗೊಳ್ಳೋದು ಅಂದರೆ ಇದೇ ಅಲ್ವಾ?

ಆಹಾರದ ಒಪ್ಪಂದ ಜಾರಿಗೆ ಬಂದರೆ ಆ ವಿಷಯದಲ್ಲಿ ಯುರೋಪಿನ ನಿಯಮ ಬದಲಾದ ಹಾಗೆ ಬ್ರಿಟನ್ನೂ ಬದಲಾಗಬೇಕು. ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ. ಒಳಗಿದ್ದಾಗ ಮತ ಇತ್ತು.

ಇಷ್ಟಾದರೂ ‘ಮತ್ತೆ ಸೇರುತ್ತೇವೆ’ ಎಂಬ ಮಾತು ಸರ್ಕಾರದ ಬಾಯಲ್ಲಿ ಬರುವುದಿಲ್ಲ. ಹೇಳುವುದು ‘ರೀಸೆಟ್’ ಅಂತ, ಅಂದರೆ ಸಂಬಂಧ ಮತ್ತೆ ಸರಿಮಾಡಿಕೊಳ್ಳುವುದು. ಎಲ್ಲರಿಗೂ ಒಂದೇ ನಿಯಮದ ಏಕ ಮಾರುಕಟ್ಟೆ ಬೇಡ, ಹೊರಗಿನ ಸಾಮಾನಿಗೆ ಒಂದೇ ಸುಂಕದ ಕಸ್ಟಮ್ಸ್ ಯೂನಿಯನ್ ಬೇಡ, ಜನರ ಮುಕ್ತ ಓಡಾಟ ಬೇಡ. ಬೇಕಾದ್ದನ್ನು ಮಾತ್ರ ಬಿಡಿಬಿಡಿಯಾಗಿ ಕೊಳ್ಳುವುದು, ಅದಕ್ಕೆ ಚೌಕಾಸಿ. ಯುರೋಪಿನ ರಕ್ಷಣಾ ಸಾಲ ನಿಧಿ ಸೇರುವ ಮಾತುಕತೆ 2025ರ ನವೆಂಬರ್‌ನಲ್ಲಿ ಶುಲ್ಕದ ವಿಷಯಕ್ಕೇ ಮುರಿದುಬಿತ್ತು. ಮರುತಿಂಗಳು ವಿದ್ಯಾರ್ಥಿಗಳು ಬೇರೆ ದೇಶದಲ್ಲಿ ಓದಿ ಬರುವ ಯುರೋಪಿನ ಎರಾಸ್ಮಸ್ ಯೋಜನೆಯ ವ್ಯವಹಾರ ಮಾತ್ರ ಕುದುರಿತು: 2027ರಿಂದ ಪ್ರವೇಶ, ಮೊದಲ ವರ್ಷಕ್ಕೆ ಸುಮಾರು 57 ಕೋಟಿ ಪೌಂಡ್. ಅದೂ ಶೇ 30 ರಿಯಾಯಿತಿ ಕಳೆದು.