ಗುರುದತ್ ಮತ್ತು ದೀಪಿಕಾ ಸಂಬಂಧಿಕರಾ?

ಪ್ರಶ್ನೆ: ಸಿನಿಮಾ ನಿರ್ದೇಶಕ ಗುರುದತ್ ಅವರ ಹೆಸರಿನಲ್ಲೂ ಪಡುಕೋಣೆ ಇದೆಯಂತೆ. ಹಾಗಾದರೆ ದೀಪಿಕಾ ಪಡುಕೋಣೆ ಅವರ ಮನೆಯವರೇನಾ?

ಇದೆ, ನಿಜ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರ ಹುಟ್ಟುಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಆದರೆ ಅಷ್ಟರಿಂದಲೇ ನೆಂಟಸ್ತನ ಕಟ್ಟೋಕಾಗಲ್ಲ. ಯಾಕಂದರೆ ಪಡುಕೋಣೆ ಅನ್ನೋದು ಊರು. ಕುಂದಾಪುರದಿಂದ ಬೈಂದೂರಿನ ಕಡೆ ಹೋಗುವಾಗ ಮರವಂತೆ ಸಿಗುತ್ತದಲ್ವಾ, ಅದರ ಹತ್ತಿರ, ಸೌಪರ್ಣಿಕಾ ಹೊಳೆಯ ಬದಿಯಲ್ಲಿದೆ. ‘ಪಡು’ ಅಂದರೆ ಪಶ್ಚಿಮ, ಪಡುಬಿದ್ರಿಯಲ್ಲಿರುವ ಹಾಗೆ.

ಕೊಂಕಣಿ ಮಾತಾಡುವ ಚಿತ್ರಾಪುರ ಸಾರಸ್ವತ ಸಮುದಾಯದಲ್ಲಿ ಊರ ಹೆಸರೇ ಅಡ್ಡಹೆಸರಾಗುವುದು ರೂಢಿ. ಮೂಲ್ಕಿ ಪಕ್ಕದ ಕಾರ್ನಾಡಿನಿಂದ ಗಿರೀಶ ಕಾರ್ನಾಡ್. ಉಳ್ಳಾಲ, ಮುರ್ಡೇಶ್ವರ, ಬಸ್ರೂರು ಇವೆಲ್ಲ ಹೀಗೇ ಅಡ್ಡಹೆಸರಾಗಿವೆ. ಒಂದೇ ಊರಿನಿಂದ ಬೇರೆ ಬೇರೆ ಮನೆಗಳವರು ಹೊರಟರೂ ಅಡ್ಡಹೆಸರು ಒಂದೇ.

ತಮಾಷೆ ಏನಂದ್ರೆ, ಗುರುದತ್ ಅವರ ಗೊತ್ತಿರುವ ನೆಂಟರ ಅಡ್ಡಹೆಸರುಗಳೇ ಬೇರೆ. ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಅಪ್ಪನ ತಾಯಿ, ಗುರುದತ್ ಅವರ ಅಮ್ಮನ ತಾಯಿ ಅಕ್ಕತಂಗಿಯರು. ಚಿತ್ರ ಕಲಾವಿದೆ ಲಲಿತಾ ಲಾಜ್ಮಿ ಗುರುದತ್ ಅವರ ಸ್ವಂತ ತಂಗಿ, ನಿರ್ದೇಶಕಿ ಕಲ್ಪನಾ ಲಾಜ್ಮಿ ಸೋದರ ಸೊಸೆ. ಅಡ್ಡಹೆಸರು ನೋಡಿ ಹುಡುಕಿದ್ದರೆ ಇವರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ.

ಈ ಹೆಸರನ್ನು ಮೊದಲು ಮನೆಮಾತು ಮಾಡಿದವರು ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದ ಮೊದಲ ಭಾರತೀಯ. ಮುಂದೆ ಡೆನ್ಮಾರ್ಕಿನಲ್ಲಿದ್ದರು. ಮಗಳು ದೀಪಿಕಾ 1986ರಲ್ಲಿ ಹುಟ್ಟಿದ್ದು ಅಲ್ಲಿಯ ಕೋಪನ್‌ಹೇಗನ್‌ನಲ್ಲೇ. ಕನ್ನಡದಲ್ಲಿ ಹಾಸ್ಯ ಬರೆದ ಪಡುಕೋಣೆ ರಮಾನಂದರಾಯರೂ ಇದ್ದಾರೆ. ಅವರ ಹೆಸರಲ್ಲಿ ಊರು ಮುಂದೆ ಬಂದಿದೆ, ನಮ್ಮ ಕಡೆಯ ಹಾಗೆ.

ಇನ್ನೊಂದು ಮಾತು. ಹಿಂದಿಯವರು ಇದನ್ನು ‘ಪಾದುಕೋಣ್’ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಡ, ದ ಎರಡಕ್ಕೂ ಒಂದೇ ಅಕ್ಷರ, ಅದೇ ಎಡವಟ್ಟು. ನಮಗೆ ಆ ಕಷ್ಟ ಇಲ್ಲ. ಮರವಂತೆಯಲ್ಲಿ ‘ಪಡುಕೋಣೆ ಎಲ್ಲಿ?’ ಅಂತ ಕೇಳಿ ನೋಡಿ, ಸಿನಿಮಾದ ಮಾತು ಬರಲ್ಲ, ದಾರಿ ತೋರಿಸುತ್ತಾರೆ.