ಕಮ್ಯುನಿಟಿ ಕಾಲೇಜಿನಲ್ಲಿ ಮೇಷ್ಟ್ರ ಮಾತು ಎಷ್ಟು ನಡೆಯುತ್ತದೆ?

ಅಮೆರಿಕದ ಟೆಕ್ಸಾಸ್‌ನಲ್ಲಿ ಒಡೆಸ್ಸಾ ಅಂತ ಒಂದು ಊರಿದೆ. ಅಲ್ಲಿನ ಜೂನಿಯರ್ ಕಾಲೇಜು (ಪದವಿಯ ಮೊದಲ ಎರಡು ವರ್ಷ ಕಲಿಸುವ ಕಾಲೇಜು, ಇಂಥವನ್ನೇ ಈಗ ಕಮ್ಯುನಿಟಿ ಕಾಲೇಜು ಅನ್ನೋದು) 1960ರ ದಶಕದಲ್ಲಿ ತನ್ನ ಅಧ್ಯಾಪಕರಿಗಾಗಿ ಇಟ್ಟಿದ್ದ ಕೈಪಿಡಿಯಲ್ಲಿ ಒಂದು ವಿಚಿತ್ರ ಮಾತಿತ್ತು. ಈ ಕಾಲೇಜಿನಲ್ಲಿ ಕಾಯಂ ನೇಮಕದ ಪದ್ಧತಿ ಇಲ್ಲ. ಆದರೆ ಪಾಠ ಚೆನ್ನಾಗಿರುವ ತನಕ, ಜೊತೆಯವರಿಗೂ ಮೇಲಿನವರಿಗೂ ಸಹಕಾರ ಕೊಡುವ ತನಕ, ಕೆಲಸದಲ್ಲಿ ಖುಷಿಯಾಗಿರುವ ತನಕ ನಿಮ್ಮ ಕೆಲಸ ಕಾಯಂ ಎಂದೇ ನೀವು ಭಾವಿಸಬೇಕೆಂಬುದು ಆಡಳಿತದ ಆಸೆ. ಅಂದರೆ ಕಾಯಂ ಅಲ್ಲ, ಆದರೆ ಕಾಯಂ ಅಂದ್ಕೊಂಡು ಸುಮ್ನಿರಿ!

ರಾಬರ್ಟ್ ಸಿಂಡರ್‌ಮನ್ ಸುಮ್ಮನಿರಲಿಲ್ಲ. ಅವರು ಅಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದರು. ಪ್ರತಿ ವರ್ಷವೂ ಒಂದೊಂದೇ ವರ್ಷದ ಕರಾರು. 1968-69ರಲ್ಲಿ ಅವರು ಟೆಕ್ಸಾಸ್‌ನ ಜೂನಿಯರ್ ಕಾಲೇಜು ಅಧ್ಯಾಪಕರ ಸಂಘದ ಅಧ್ಯಕ್ಷರಾದರು. ತಮ್ಮ ಕಾಲೇಜು ನಾಲ್ಕು ವರ್ಷದ ಕಾಲೇಜಾಗಬೇಕು ಎಂದು ಬಹಿರಂಗವಾಗಿಯೇ ಹೇಳಿದರು. ಆಡಳಿತ ಮಂಡಳಿಗೆ ಅದು ಬೇಡವಾಗಿತ್ತು. 1969ರ ಮೇ ತಿಂಗಳಲ್ಲಿ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಅವಿಧೇಯತೆ ಎಂದು ಮಂಡಳಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿತೇ ಹೊರತು ಅವರನ್ನು ಕರೆದು ವಿಚಾರಿಸಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಬರೆದಿಟ್ಟ ನಿಯಮ ಇಲ್ಲದಿದ್ದರೂ ಕೆಲಸ ಕಾಯಂ ಎಂಬ ವಾಡಿಕೆ ಅಲ್ಲಿತ್ತು ಎಂದು ತೋರಿಸಲು ಅವರಿಗೆ ಅವಕಾಶ ಸಿಗಬೇಕು ಎಂದು 1972ರಲ್ಲಿ ಕೋರ್ಟು ಹೇಳಿತು. ಆ ಕೈಪಿಡಿಯ ಸಾಲೇ ಅವರ ಪರ ಸಾಕ್ಷಿಯಾಯಿತು.

ಇಷ್ಟಕ್ಕೂ ಕಾಲೇಜಿನ ಮೇಷ್ಟ್ರಿಗೆ ‘ಮೇಲಿನವರಿಗೆ ಸಹಕಾರ ಕೊಡಿ’ ಎಂದು ಬರೆದು ಕೊಡುವ ಅಭ್ಯಾಸ ಎಲ್ಲಿಂದ ಬಂತು? ಈ ಕಾಲೇಜುಗಳು ಹುಟ್ಟಿದ ಜಾಗ ನೋಡಬೇಕು. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಒಂದು ಹೈಸ್ಕೂಲಿನೊಳಗೇ ಆರು ವಿದ್ಯಾರ್ಥಿಗಳೊಂದಿಗೆ ಇಂಥ ಮೊದಲ ಸಾರ್ವಜನಿಕ ಕಾಲೇಜು ಶುರುವಾಯಿತು. ಹಿಂದಿದ್ದವರು ಇಬ್ಬರು. ಆ ಹೈಸ್ಕೂಲನ್ನು ನಡೆಸುತ್ತಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್. ಪದವಿಯ ಮೊದಲ ಎರಡು ವರ್ಷ ನಿಜವಾಗಿ ಶಾಲೆಯ ಮುಂದುವರಿಕೆ ಎಂಬುದು ಹಾರ್ಪರ್ ಲೆಕ್ಕ. ಕ್ಯಾಲಿಫೋರ್ನಿಯಾ ಕೂಡ 1907ರ ಕಾನೂನಿನಲ್ಲಿ ಈ ತರಗತಿ ನಡೆಸುವ ಅವಕಾಶ ಕೊಟ್ಟಿದ್ದು ಹೈಸ್ಕೂಲುಗಳಿಗೇ. 1910ರಲ್ಲಿ ಫ್ರೆಸ್ನೋ ಆ ಅವಕಾಶ ಬಳಸಿಕೊಂಡಿತು.

ಹೈಸ್ಕೂಲಿನಿಂದ ಕೋಣೆ, ಬೆಂಚು ಮಾತ್ರ ಬರಲಿಲ್ಲ. ಹೈಸ್ಕೂಲಿನ ಏಣಿಯೂ ಬಂತು. ಮೇಲೆ ಸ್ಥಳೀಯ ಮಂಡಳಿ, ಅದರ ಕೆಳಗೆ ಸೂಪರಿಂಟೆಂಡೆಂಟ್, ಅವರ ಕೆಳಗೆ ಪ್ರಿನ್ಸಿಪಾಲ್, ಕೊನೆಗೆ ಮೇಷ್ಟ್ರು. ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮ, ನೇಮಕಾತಿ ಎಲ್ಲದರಲ್ಲೂ ಸೆನೆಟ್‌ಗೆ, ಅಂದರೆ ಅಧ್ಯಾಪಕರ ಪ್ರತಿನಿಧಿ ಸಭೆಗೆ, ತೂಕ ಇತ್ತು. ಇಲ್ಲಿ ಹೆಚ್ಚಿನ ಕಡೆ ಅದು ಇರಲಿಲ್ಲ. ಇವತ್ತಿನ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಶುರುವಾದವು ಅನ್ನೋದು ನನ್ನ ಅಭಿಪ್ರಾಯ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರು ಓದಲು ಬಂದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ಎಲ್ಲರ ಬಾಯಿಗೆ ತಂದಿತು. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನ್ ಪ್ರಕಾರ ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೂರನೇ ಒಂದು ಭಾಗದವರೆಗೆ ಸ್ಟೇಟ್ ಕಾಲೇಜುಗಳು. ಜೂನಿಯರ್ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದದ್ದು. ಬಾಗಿಲು ತೆರೆದ ಮೇಲೆ ಕೆಲಸವೂ ಬೆಳೆಯುತ್ತದೆ ಅಲ್ವಾ? ದಾಖಲಾತಿ, ಯಾರನ್ನು ಯಾವ ಕ್ಲಾಸಿಗೆ ಹಾಕಬೇಕೆಂಬ ಪರೀಕ್ಷೆ, ಕೌನ್ಸೆಲಿಂಗ್, ಹಣಕಾಸಿನ ನೆರವು. ಆಫೀಸು ದೊಡ್ಡದಾಯಿತು, ಏಣಿಗೆ ಮೆಟ್ಟಿಲುಗಳು ಸೇರಿದವು.

ಮೇಷ್ಟ್ರು ಯೂನಿಯನ್ ಕಟ್ಟಿದರು. ಕ್ಯಾಲಿಫೋರ್ನಿಯಾದಲ್ಲಿ 1975ರ ರೋಡಾ ಕಾಯ್ದೆ ಸಂಬಳ, ಕೆಲಸದ ಹೊತ್ತಿನ ಬಗ್ಗೆ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು. ಪಾಠದ ವಿಷಯದಲ್ಲಿ, ಕಾಲೇಜು ನಡೆಸುವ ರೀತಿಯಲ್ಲಿ ಮಾತಾಡುವ ಹಕ್ಕು? ಮಿನ್ನೆಸೋಟಾದ ಕಮ್ಯುನಿಟಿ ಕಾಲೇಜುಗಳಲ್ಲಿ ಯೂನಿಯನ್ ಸೇರದ ಅಧ್ಯಾಪಕರು ಈ ಪ್ರಶ್ನೆ ಎತ್ತಿದರು. ಆಡಳಿತ ಯೂನಿಯನ್ ಪ್ರತಿನಿಧಿಗಳ ಜೊತೆ ಮಾತ್ರ ಚರ್ಚೆಗೆ ಕೂರುತ್ತದೆ, ನಮ್ಮ ಮಾತೂ ಕೇಳಬೇಕು ಎಂದರು. 1984ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನೀತಿ ರೂಪಿಸುವವರು ನಿಮ್ಮ ಮಾತು ಕೇಳಲೇಬೇಕು ಎಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದಿತು. ನೀವು ಮಾತಾಡಬಹುದು, ಅವರು ಕಿವಿಗೊಡಲೇಬೇಕೆಂದಿಲ್ಲ.

ಸಂವಿಧಾನ ಕೊಡದಿದ್ದುದನ್ನು ಕ್ಯಾಲಿಫೋರ್ನಿಯಾ 1988ರಲ್ಲಿ ಕಾನೂನಿನಿಂದ ಕೊಟ್ಟಿತು. ಅಸೆಂಬ್ಲಿ ಬಿಲ್ 1725. ಶಾಲೆಯ ಕಾಲದಿಂದ ಉಳಿದಿದ್ದ ಬೋಧನಾ ಪರವಾನಗಿ ಪದ್ಧತಿಯನ್ನು ಅದು ತೆಗೆದುಹಾಕಿತು, ಅಕಾಡೆಮಿಕ್ ಸೆನೆಟ್‌ಗಳನ್ನು ಬಲಪಡಿಸಿತು. ಆಮೇಲೆ ಬಂದ ನಿಯಮಗಳಲ್ಲಿ ಪಠ್ಯಕ್ರಮ, ಪದವಿಯ ಷರತ್ತು, ಗ್ರೇಡ್ ಕೊಡುವ ನೀತಿ ಮುಂತಾದ ಹತ್ತು ವಿಷಯ ಪಟ್ಟಿ ಮಾಡಿ, ಒಪ್ಪಿಕೊಂಡ ಇತರ ವಿಷಯಗಳಿಗೆಂದು ಇನ್ನೊಂದು ಸಾಲು ಸೇರಿಸಿದರು. ಅಲ್ಲಿನ ಸ್ಟಾಫ್ ರೂಮುಗಳಲ್ಲಿ ಇದಕ್ಕೆ ‘ಟೆನ್ ಪ್ಲಸ್ ಒನ್’ ಎಂದೇ ಹೆಸರು. ಈ ವಿಷಯಗಳಲ್ಲಿ ಮಂಡಳಿ ಒಂದೋ ಸೆನೆಟ್‌ನ ಸಲಹೆಯನ್ನೇ ಮುಖ್ಯವಾಗಿ ನಂಬಬೇಕು, ಇಲ್ಲವೇ ಇಬ್ಬರೂ ಒಪ್ಪಂದಕ್ಕೆ ಬರಬೇಕು. ಬಜೆಟ್ ವಿಷಯದಲ್ಲಿ ಮಾತ್ರ ಹುಷಾರು. ಬಜೆಟ್ ಮಾಡುವ ಪ್ರಕ್ರಿಯೆ ಹೇಗಿರಬೇಕೆಂದು ಸೆನೆಟ್ ಹೇಳಬಹುದು. ದುಡ್ಡು ಎಲ್ಲಿಗೆ ಹೋಗಬೇಕೆಂಬುದು ಪಟ್ಟಿಯಲ್ಲಿಲ್ಲ.

ಅದೇ ಕಾನೂನಿನಲ್ಲಿ ಇನ್ನೊಂದು ಗುರಿಯೂ ಇತ್ತು. ಕ್ರೆಡಿಟ್ ತರಗತಿಗಳ ಪಾಠದಲ್ಲಿ 75 ಶೇಕಡಾ ಪೂರ್ಣಾವಧಿ ಅಧ್ಯಾಪಕರಿಂದಲೇ ಆಗಬೇಕು. ಅದು ಗುರಿಯಾಗಿಯೇ ಉಳಿದಿದೆ. ಈಗ ಅಮೆರಿಕದ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಅಧ್ಯಾಪಕರು ಅರೆಕಾಲಿಕರು. ಕ್ಯಾಲಿಫೋರ್ನಿಯಾದಲ್ಲಿ ಇವರು ಒಂದು ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಒಂದೇ ಮಂಡಳಿ ನಡೆಸುವ ಕಾಲೇಜು ಅಥವಾ ಕಾಲೇಜುಗಳಲ್ಲಿ, ಪೂರ್ಣಾವಧಿ ಹೊರೆಯ 67 ಶೇಕಡಾ ಮೀರಿ ಪಾಠ ಮಾಡುವಂತಿಲ್ಲ. ಮೊದಲು ಇದು 60 ಇತ್ತು, 2008ರ ಕಾನೂನಿನಲ್ಲಿ ಏರಿಸಿದರು. ಹಾಗಾಗಿ ಹೊಟ್ಟೆಪಾಡಿಗೆ ಎರಡು ಮೂರು ಡಿಸ್ಟ್ರಿಕ್ಟ್ ಸುತ್ತಲೇಬೇಕು. ಇವರನ್ನು ‘ಫ್ರೀವೇ ಫ್ಲೈಯರ್’ ಅಂತಾರೆ. ಕಾರಿನ ಡಿಕ್ಕಿಯೇ ಆಫೀಸು. ಒಂದು ಚೀಲದಲ್ಲಿ ಬೆಳಗಿನ ಕಾಲೇಜಿನ ಉತ್ತರಪತ್ರಿಕೆ, ಇನ್ನೊಂದರಲ್ಲಿ ಸಂಜೆಯ ಕಾಲೇಜಿನದು. ಸೆನೆಟ್ ಸಭೆ ಸೇರುವ ಹೊತ್ತಿಗೆ ಇವರು ಹೆದ್ದಾರಿಯಲ್ಲಿರುತ್ತಾರೆ. ಸಭೆಯಲ್ಲಿ ಕೂತರೂ ಬಹಳ ಕಡೆ ಆ ಹೊತ್ತಿಗೆ ಸಂಬಳ ಇಲ್ಲ.

ಸಿಂಡರ್‌ಮನ್ ಕೈಯಲ್ಲಿ ಒಂದು ವರ್ಷದ ಕಾಗದವಾದರೂ ಇತ್ತು. ಇವರಲ್ಲಿ ಎಷ್ಟೋ ಜನರದ್ದು ಒಂದು ಸೆಮಿಸ್ಟರ್‌ನದು. ವಿದ್ಯಾರ್ಥಿಗಳ ಸಂಖ್ಯೆ ಸಾಲದಿದ್ದರೆ ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ಕ್ಲಾಸು ರದ್ದಾಗುತ್ತದೆ, ಅದರ ಜೊತೆ ಕೆಲಸವೂ.